ಎಣಿಕೆ ಬಿಡಿ, ಟೊಂಕ ಕಟ್ಟಿ

‘ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು!’

ಧಾರವಾಡದ ನಮ್ಮ ರೂಮಿನಲ್ಲಿ ಬೆಳಗಿನ ಐದೂವರೆಗೆ ಕೇಳುತ್ತಿದ್ದ ಸುಪ್ರಭಾತ ಇದು. ನಾಲ್ಕು ಜನ, ಎರಡು ಮಂಚ, ಒಂದು ಫ್ಯಾನು. ಎಲ್ಲರದೂ ಒಂದೇ ಗುರಿ, ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿ. ಒಬ್ಬ ಮಲಗಿ ಏಳಬೇಕು, ಇನ್ನೊಬ್ಬ ಅವನ ಪಾದ ಒತ್ತಿ ಹಿಡಿಯಬೇಕು, ಮೂರನೆಯವನು ಎಣಿಸಬೇಕು, ನಾಲ್ಕನೆಯವನು ಮೊಬೈಲ್‌ನಲ್ಲಿ ವಿಡಿಯೊ ಮಾಡಬೇಕು. ತಿಂಗಳ ಕೊನೆಗೆ ಯಾರ ಸಿಟ್-ಅಪ್ ಎಣಿಕೆ ಕಡಿಮೆಯೋ ಅವನು ಉಳಿದ ಮೂವರಿಗೆ ಗಿರ್ಮಿಟ್ಟು, ಮಿರ್ಚಿ ಕೊಡಿಸಬೇಕು. ಇದು ಪಂದ್ಯ.

ಇಪ್ಪತ್ತಾರನೇ ದಿನ ನಾನು ನೂರಾ ಇಪ್ಪತ್ತು ಮುಟ್ಟಿದೆ. ಉಳಿದವರು ನೂರರ ಆಸುಪಾಸಿನಲ್ಲಿದ್ದರು. ಗೆದ್ದ ಖುಷಿಯಲ್ಲಿ ಸ್ನಾನಕ್ಕೆ ಹೋಗಿ, ಅರ್ಧ ತುಂಬಿದ ಬಕೆಟ್ ಎತ್ತಲು ಬಗ್ಗಿದೆ. ಅಷ್ಟೇ. ಸೊಂಟದಲ್ಲಿ ಯಾರೋ ಚಾಕು ಇಟ್ಟು ತಿರುವಿದಂತಾಯಿತು. ನೆಟ್ಟಗಾಗಲು ಆಗಲಿಲ್ಲ, ಕೂರಲೂ ಆಗಲಿಲ್ಲ. ಬಚ್ಚಲಿನ ಗೋಡೆ ಹಿಡಿದು ಅರ್ಧ ಗಂಟೆ ನಿಂತವನನ್ನು ಗೆಳೆಯರು ಎತ್ತಿಕೊಂಡು ಬಂದು ಮಂಚದ ಮೇಲೆ ಮಲಗಿಸಿದರು. ದೈಹಿಕ ಪರೀಕ್ಷೆಗೆ ಆಗ ಹನ್ನೊಂದು ದಿನ ಬಾಕಿ ಇತ್ತು.

ಲಿಖಿತ ಪರೀಕ್ಷೆಯನ್ನು ಎರಡನೇ ಪ್ರಯತ್ನದಲ್ಲಿ ಪಾಸು ಮಾಡಿದ್ದೆ. ಊರಿನಲ್ಲಿ ಅಪ್ಪ ಆಗಲೇ ನಾಲ್ಕು ಜನರಿಗೆ ಹೇಳಿಯೂ ಆಗಿತ್ತು. 1600 ಮೀಟರ್ ಓಡಬೇಕಾದ ದಿನ ನಾನು ಬೂಟಿನ ಲೇಸು ಕಟ್ಟಿಕೊಳ್ಳಲೂ ಆಗದೆ ಮೈದಾನದ ಹೊರಗೆ ನಿಂತಿದ್ದೆ. ನಮ್ಮ ರೂಮಿನ ಇಬ್ಬರು ಪಾಸಾದರು. ಅವರೀಗ ಖಾಕಿಯಲ್ಲಿದ್ದಾರೆ. ನಾನು ಮುಂದಿನ ಅಧಿಸೂಚನೆಯ ದಾರಿ ಕಾಯುತ್ತಿದ್ದೇನೆ.

ಇದರಲ್ಲಿ ನಗಬೇಕಾದ ಸಂಗತಿ ಒಂದಿದೆ. ಆ ದೈಹಿಕ ಪರೀಕ್ಷೆಯಲ್ಲಿ ಓಟವಿದೆ, ಉದ್ದ ಜಿಗಿತ ಅಥವಾ ಎತ್ತರ ಜಿಗಿತವಿದೆ, ಗುಂಡು ಎಸೆತವಿದೆ. ಸಿಟ್-ಅಪ್ ಇಲ್ಲವೇ ಇಲ್ಲ! ಯಾರೂ ಕೇಳದ ನೂರಾ ಇಪ್ಪತ್ತಕ್ಕಾಗಿ ನಾನು ಕೇಳಿದ್ದ 1600 ಮೀಟರನ್ನು ಕಳೆದುಕೊಂಡೆ.

ಇದು ನನ್ನೊಬ್ಬನ ಕಥೆಯಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಆದರೆ ಆಮೇಲೆ ಕೇಳಿ ನೋಡಿದರೆ ಹಾಸ್ಟೆಲ್‌ಗಳಲ್ಲಿ, ಜಿಮ್‌ಗಳಲ್ಲಿ, ಬೆಳಗಿನ ಮೈದಾನಗಳಲ್ಲಿ ಸೊಂಟ ಹಿಡಿದುಕೊಂಡ ನನ್ನ ವಯಸ್ಸಿನವರು ಎಷ್ಟೋ ಜನ ಸಿಕ್ಕರು. ಎಲ್ಲರೂ ಹೇಳುವುದು ಒಂದೇ ಮಾತು: ‘ಹೊಟ್ಟೆ ಗಟ್ಟಿ ಮಾಡಾಕ ಹೋಗಿದ್ದೆ.’ ಹೊಟ್ಟೆ ಗಟ್ಟಿಯಾಗಬೇಕು ಎನ್ನುವುದರಲ್ಲಿ ತಪ್ಪಿಲ್ಲ. ಗಟ್ಟಿ ಎಂದರೇನು ಎಂದು ನಾವು ತಿಳಿದುಕೊಂಡಿದ್ದೇವಲ್ಲ, ಅಲ್ಲಿ ತಪ್ಪಿದೆ.

ಹೊಟ್ಟೆ ಇರುವುದು ಬಗ್ಗಿಸಲಿಕ್ಕಲ್ಲ

ಗೆಳೆಯರ ಒತ್ತಾಯಕ್ಕೆ ಹೋದ ಫಿಸಿಯೊಥೆರಪಿಸ್ಟ್ ಮೊದಲು ನನ್ನ ಎಣಿಕೆ ಕೇಳಿದರು. ನೂರಾ ಇಪ್ಪತ್ತು ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ನೋವು ಇಳಿದ ಮೇಲೆ ಮತ್ತೆ ಕರೆಸಿ, ಒಂದು ಮಗ್ಗುಲಿಗೆ ಮಲಗಿ ಮೊಣಕೈ ಮತ್ತು ಪಾದದ ಮೇಲೆ ದೇಹವನ್ನು ಎತ್ತಿ ಹಿಡಿಯಲು ಹೇಳಿದರು. ಹನ್ನೆರಡು ಸೆಕೆಂಡಿಗೆ ನನ್ನ ಮೈ ನಡುಗಿತು, ಹದಿನೈದಕ್ಕೆ ಬಿದ್ದೆ. ‘ನಿನ್ನ ಹೊಟ್ಟೆಗೆ ಬಗ್ಗೋದು ಗೊತ್ತು, ನಿಲ್ಲೋದು ಗೊತ್ತಿಲ್ಲ’ ಎಂದರು. ಅಂದಿನಿಂದ ಈ ವಿಷಯವನ್ನು ಪರೀಕ್ಷೆಯ ಪುಸ್ತಕದಷ್ಟೇ ಶ್ರದ್ಧೆಯಿಂದ ಓದಿದ್ದೇನೆ.

ನಮ್ಮ ದೇಹದ ನಡುಭಾಗವನ್ನು ಒಮ್ಮೆ ಊಹಿಸಿಕೊಳ್ಳಿ. ಮೇಲೆ ಪಕ್ಕೆಲುಬಿನ ಗೂಡು. ಕೆಳಗೆ ಕಟಿಯ ಮೂಳೆಗಳ ಬೋಗುಣಿ. ಇವೆರಡರ ನಡುವೆ ಮೂಳೆಯ ಆಧಾರ ಎಂದು ಇರುವುದು ಬೆನ್ನಿನ ಕಡೆಯ ಐದು ಕಶೇರುಮಣಿಗಳ ಕಂಬ ಮಾತ್ರ. ಕಂಪನಿ ನಾಟಕದ ಡೇರೆ ನೋಡಿದ್ದೀರಲ್ಲ? ನಡುವಿನ ಕಂಬ ಎಷ್ಟೇ ಗಟ್ಟಿಯಿರಲಿ, ಸುತ್ತಲಿನ ಹಗ್ಗಗಳು ಸಮನಾಗಿ ಬಿಗಿಯಿಲ್ಲದಿದ್ದರೆ ಗಾಳಿಗೆ ಡೇರೆ ನಿಲ್ಲುವುದಿಲ್ಲ. ಮುಂದಿನ ಹಗ್ಗ ಎಂದರೆ ನಾವು ಸಿಕ್ಸ್ ಪ್ಯಾಕ್ ಎಂದು ಕನ್ನಡಿಯಲ್ಲಿ ಹುಡುಕುವ ರೆಕ್ಟಸ್ ಅಬ್ಡಾಮಿನಿಸ್ ಸ್ನಾಯು. ಪಕ್ಕದ ಹಗ್ಗಗಳು ಓರೆಯಾಗಿ ಹೆಣೆದುಕೊಂಡ ಆಬ್ಲಿಕ್ ಸ್ನಾಯುಗಳು. ಎಲ್ಲಕ್ಕಿಂತ ಒಳಗೆ ಡಾಬಿನಂತೆ ಸುತ್ತಿಕೊಂಡಿರುವುದು ಟ್ರಾನ್ಸ್‌ವರ್ಸಸ್. ಹಿಂದಿನ ಹಗ್ಗಗಳು ಬೆನ್ನಿನ ಸ್ನಾಯುಗಳು. ನಾವು ನಡೆಯುವಾಗ, ಓಡುವಾಗ, ಗುಂಡು ಎಸೆಯುವಾಗ, ಗ್ಯಾಸ್ ಸಿಲಿಂಡರ್ ಎತ್ತುವಾಗ ಇವೆಲ್ಲ ಸೇರಿ ಮಾಡುವ ಮುಖ್ಯ ಕೆಲಸ ಬೆನ್ನನ್ನು ಬಗ್ಗಿಸುವುದಲ್ಲ, ಅದು ಅಲುಗಾಡದಂತೆ ಹಿಡಿಯುವುದು. ಕೈಕಾಲುಗಳ ಬಲ ಒಂದರಿಂದ ಇನ್ನೊಂದಕ್ಕೆ ಹರಿಯುವುದು ಈ ನಡುವಿನ ಮೂಲಕ. ನಡು ಸಡಿಲವಾದರೆ ಬಲ ಅಲ್ಲೇ ಸೋರಿಹೋಗುತ್ತದೆ.

ಈಗ ಡಿಸ್ಕಿನ ವಿಷಯ. ಎರಡು ಕಶೇರುಮಣಿಗಳ ನಡುವಿನ ಮೆತ್ತೆಯೇ ಡಿಸ್ಕ್. ಹೊರಗೆ ಪದರ ಪದರವಾದ ಗಟ್ಟಿ ಉಂಗುರ, ಒಳಗೆ ಮೆತ್ತನೆಯ ತಿರುಳು. ಹೋಳಿಗೆಯ ಕಣಕದೊಳಗೆ ಹೂರಣ ಇದ್ದಂತೆ. ಒಂದು ಬದಿಯನ್ನು ಒತ್ತಿದರೆ ಹೂರಣ ಇನ್ನೊಂದು ಬದಿಗೆ ಸರಿಯುತ್ತದೆ. ನಾವು ಮುಂದಕ್ಕೆ ಬಾಗಿದಾಗ ಡಿಸ್ಕಿನ ಮುಂಭಾಗ ಒತ್ತಿ, ತಿರುಳು ಹಿಂದಕ್ಕೆ ತಳ್ಳಲ್ಪಡುತ್ತದೆ. ಹಿಂದೆ ಇರುವುದು ಕಾಲಿಗೆ ಹೋಗುವ ನರಗಳು. ಒಮ್ಮೆ ಬಾಗಿದರೆ ಏನೂ ಆಗುವುದಿಲ್ಲ, ಬಾಗುವುದಕ್ಕೆಂದೇ ಬೆನ್ನಿಗೆ ಕೀಲುಗಳಿವೆ. ಭಾರದ ಕೆಳಗೆ, ದಣಿದ ಮೇಲೂ, ದಿನಕ್ಕೆ ನೂರಾರು ಸಲ ಅದೇ ಜಾಗದಲ್ಲಿ ಬಾಗಿಸುತ್ತಾ ಹೋದಾಗ ತೊಂದರೆ ಶುರು.

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಬೆನ್ನಿನ ಯಂತ್ರಶಾಸ್ತ್ರವನ್ನೇ ಅಧ್ಯಯನ ಮಾಡಿದವರು ಪ್ರೊಫೆಸರ್ ಸ್ಟುವರ್ಟ್ ಮೆಕ್‌ಗಿಲ್. ಒಂದು ಪೂರ್ತಿ ಸಿಟ್-ಅಪ್‌ನಲ್ಲಿ ಕೆಳಬೆನ್ನಿನ ಮೇಲೆ ಬೀಳುವ ಒತ್ತಡ ಸುಮಾರು 3,300 ನ್ಯೂಟನ್ ಎಂದು ಅವರ ಪ್ರಯೋಗಾಲಯ ಲೆಕ್ಕ ಹಾಕಿದೆ. ಸರಳವಾಗಿ ಹೇಳಿದರೆ 330 ಕಿಲೊಗೂ ಮೀರಿದ ತೂಕ. ಭಾರ ಎತ್ತುವ ಕಾರ್ಮಿಕರ ಬೆನ್ನಿನ ಮೇಲೆ ಇದನ್ನು ಮೀರಿದ ಒತ್ತಡ ಬೀಳಬಾರದು ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಎಳೆದಿರುವ ಗೆರೆ 3,400 ನ್ಯೂಟನ್. ಅಂದರೆ ಪ್ರತಿ ಸಿಟ್-ಅಪ್‌ನಲ್ಲೂ ನಾವು ಹೆಚ್ಚುಕಡಿಮೆ ಆ ಗೆರೆಯ ಮೇಲೆಯೇ ನಡೆಯುತ್ತೇವೆ. ನಾನು ದಿನಕ್ಕೆ ನೂರಾ ಇಪ್ಪತ್ತು ಸಲ ನಡೆಯುತ್ತಿದ್ದೆ.

ಇನ್ನೂ ಎರಡು ತಪ್ಪುಗಳು ನಮ್ಮ ರೂಮಿನಲ್ಲಿ ನಡೆಯುತ್ತಿದ್ದವು. ಒಂದು, ಪಾದ ಒತ್ತಿ ಹಿಡಿಯುವುದು. ಪಾದ ಸಿಕ್ಕಿಹಾಕಿಕೊಂಡಾಗ ಮೇಲೇಳುವ ಕೆಲಸವನ್ನು ಹೊಟ್ಟೆಯ ಬದಲು ತೊಡೆಯ ಸಂದಿನ ಸ್ನಾಯುಗಳು ವಹಿಸಿಕೊಳ್ಳುತ್ತವೆ. ಅದರಲ್ಲಿ ದೊಡ್ಡದಾದ ಸೋಆಸ್ ಸ್ನಾಯುವಿನ ಬುಡ ಇರುವುದೇ ಸೊಂಟದ ಕಶೇರುಮಣಿಗಳಲ್ಲಿ. ಅದು ಎಳೆದಾಗಲೆಲ್ಲ ಆ ಮಣಿಗಳನ್ನೇ ಜಗ್ಗುತ್ತದೆ. ಎರಡು, ಹೊತ್ತು. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬುತ್ತವೆ. ಬೆಳಗ್ಗೆ ನಾವೆಲ್ಲ ಸಂಜೆಗಿಂತ ಸುಮಾರು ಒಂದೂವರೆ ಸೆಂಟಿಮೀಟರ್ ಎತ್ತರ ಇರುವುದು ಇದರಿಂದಲೇ. ಉಬ್ಬಿದ ಡಿಸ್ಕನ್ನು ಬಾಗಿಸಿದರೆ ಅದರ ಮೇಲಿನ ಎಳೆತ ಹೆಚ್ಚು. ಎದ್ದ ಮೊದಲ ಒಂದು ಗಂಟೆಯಲ್ಲಿ ಈ ಉಬ್ಬು ಬಹುಪಾಲು ಇಳಿಯುತ್ತದೆ. ದೀರ್ಘಕಾಲದ ಬೆನ್ನುನೋವು ಇದ್ದವರು ಬೆಳಗಿನ ಮೊದಲ ಗಂಟೆಗಳಲ್ಲಿ ಮುಂದಕ್ಕೆ ಬಾಗುವುದನ್ನು ತಪ್ಪಿಸಿದ್ದರಿಂದಲೇ ನೋವು ಕಡಿಮೆಯಾದದ್ದನ್ನು 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ನಾವೋ, ಅಲಾರಂ ಹೊಡೆದ ಐದೇ ನಿಮಿಷಕ್ಕೆ ನೆಲಕ್ಕೆ ಬೀಳುತ್ತಿದ್ದೆವು.

ಅಪ್ಪನ ಟವೆಲ್ಲು

ನನ್ನೂರು ಬ್ಯಾಡಗಿ. ಅಪ್ಪ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ. ಸೊಂಟ ಹಿಡಿದುಕೊಂಡು ಊರಿಗೆ ಹೋದಾಗ, ಮಾಡಲು ಬೇರೆ ಕೆಲಸವಿಲ್ಲದೆ ಮಾರುಕಟ್ಟೆಯಲ್ಲಿ ಕೂತು ಅವರು ಚೀಲ ಎತ್ತುವುದನ್ನು ಮೊದಲ ಸಲ ಸರಿಯಾಗಿ ನೋಡಿದೆ. ಮೊದಲು ಹೆಗಲ ಮೇಲಿನ ಟವೆಲ್ಲನ್ನು ಬಿಚ್ಚಿ ಟೊಂಕಕ್ಕೆ ಬಿಗಿಯುತ್ತಾರೆ. ಚೀಲಕ್ಕೆ ಮೈ ತಾಗುವಷ್ಟು ಹತ್ತಿರ ನಿಲ್ಲುತ್ತಾರೆ. ಮೊಣಕಾಲು ಮಡಚಿ ಕುಂಡಿ ಹಿಂದಕ್ಕೆ ಹಾಕುತ್ತಾರೆ. ಎತ್ತುವ ಮುನ್ನ ‘ಹೂಂ’ ಎಂದು ಹೊಟ್ಟೆ ಬಿಗಿ ಹಿಡಿಯುತ್ತಾರೆ. ಚೀಲ ಮೇಲೇಳುತ್ತದೆ, ಬೆನ್ನು ಮಾತ್ರ ಹಲಗೆಯಂತೆ ಹಾಗೇ ಇರುತ್ತದೆ.

‘ಯಾರು ಹೇಳಿಕೊಟ್ಟರು?’ ಎಂದೆ. ‘ಹೇಳಿಕೊಡೋದೇನು ಐತಿ? ಮೊದಲ ಟೊಂಕ ಕಟ್ಟು, ಆಮೇಲೆ ಚೀಲ ಮುಟ್ಟು. ಅಷ್ಟ’ ಎಂದರು.

ಹಮಾಲರ ಬೆನ್ನು ಸುಖವಾಗಿದೆ ಎಂದು ನಾನು ಹೇಳುತ್ತಿಲ್ಲ. ಅಪ್ಪನಿಗೂ ಸಂಜೆಗೆ ಸೊಂಟ ನೋಯುತ್ತದೆ, ಅಮ್ಮ ಎಣ್ಣೆ ತಿಕ್ಕುತ್ತಾಳೆ. ಆ ದುಡಿಮೆಗೆ ಯಾವ ಬೆನ್ನೂ ಸಾಲದು. ಟವೆಲ್ಲು ಕಟ್ಟಿದ ಮಾತ್ರಕ್ಕೆ ಬೆನ್ನು ಉಳಿಯುವುದೂ ಇಲ್ಲ. ಆದರೆ ನನಗಿಂತ ಎಷ್ಟೋ ಪಾಲು ಹೆಚ್ಚು ಭಾರ ಎತ್ತುವ ಅವರಿಗೆ ಗೊತ್ತಿದ್ದ ಒಂದು ವಿಷಯ, ಯೂಟ್ಯೂಬ್‌ನಲ್ಲಿ ಐವತ್ತು ವಿಡಿಯೊ ನೋಡಿದ ನನಗೆ ಗೊತ್ತಿರಲಿಲ್ಲ. ಕೆಲಸಕ್ಕೆ ನಿಲ್ಲುವ ಮೊದಲು ‘ಟೊಂಕ ಕಟ್ಟಿ’ ಎನ್ನುತ್ತದೆ ನಮ್ಮ ಭಾಷೆ. ನಾವು ಅದನ್ನು ಬರೀ ಗಾದೆಮಾತಿನಂತೆ ಬಳಸುತ್ತೇವೆ. ಅದು ದೇಹಕ್ಕೆ ಕೊಟ್ಟ ನೇರ ಸೂಚನೆ.

ಇಂಗ್ಲಿಷಿನಲ್ಲಿ ಇದನ್ನು ಬ್ರೇಸಿಂಗ್ ಎನ್ನುತ್ತಾರೆ. ಗೆಳೆಯನೊಬ್ಬ ತಮಾಷೆಗೆ ಹೊಟ್ಟೆಗೆ ಗುದ್ದಲು ಬಂದರೆ ಹೇಗೆ ಬಿಗಿ ಹಿಡಿಯುತ್ತೀರೋ ಹಾಗೆ. ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳುವುದಲ್ಲ, ಹೊರಗೆ ಉಬ್ಬಿಸುವುದೂ ಅಲ್ಲ. ಸುತ್ತಲೂ ಸಮನಾಗಿ ಬಿಗಿಯುವುದು, ಜೊತೆಗೆ ಉಸಿರಾಟ ನಿಲ್ಲದಂತೆ ನೋಡಿಕೊಳ್ಳುವುದು. ಎಷ್ಟು ಬಿಗಿ? ಕೆಲಸಕ್ಕೆ ತಕ್ಕಷ್ಟು. ಬಕೆಟ್ಟಿಗೆ ಸ್ವಲ್ಪ, ಸಿಲಿಂಡರಿಗೆ ಹೆಚ್ಚು.

ಹಾಗಾದರೆ ಮಾಡುವುದೇನು?

ಮೆಕ್‌ಗಿಲ್ ಅವರು ಬೆನ್ನಿನ ಮೇಲೆ ಕಡಿಮೆ ಒತ್ತಡ ಹಾಕಿ ನಡುವಿನ ಸ್ನಾಯುಗಳನ್ನು ದುಡಿಸುವ ಮೂರು ವ್ಯಾಯಾಮಗಳನ್ನು ಆರಿಸಿದ್ದಾರೆ. ನಾನು ಏಳು ತಿಂಗಳಿಂದ ಮಾಡುತ್ತಿರುವುದು ಇವನ್ನೇ. ಜಿಮ್ ಬೇಡ, ದುಡ್ಡು ಬೇಡ, ಕಾಲು ಹಿಡಿಯುವವನೂ ಬೇಡ. ಒಂದು ಚಾಪೆ ಸಾಕು.

ಮೊದಲನೆಯದು, ಅರ್ಧ ಏಳುವುದು. ಅಂಗಾತ ಮಲಗಿ. ಒಂದು ಮೊಣಕಾಲು ಮಡಚಿ, ಇನ್ನೊಂದು ಕಾಲು ಚಾಚಿ. ಎರಡೂ ಅಂಗೈಗಳನ್ನು ಸೊಂಟದ ಕೆಳಗಿನ ಪೊಳ್ಳಿನಲ್ಲಿ ಇಡಿ. ಆ ಪೊಳ್ಳು ಬೆನ್ನಿನ ಸಹಜ ಬಾಗು, ಅದನ್ನು ನೆಲಕ್ಕೆ ಒತ್ತಿ ಚಪ್ಪಟೆ ಮಾಡಬೇಡಿ. ಹೊಟ್ಟೆ ಬಿಗಿದು ತಲೆ ಮತ್ತು ಭುಜಗಳನ್ನು ನೆಲದಿಂದ ಸ್ವಲ್ಪವೇ ಎತ್ತಿ ಎಂಟು-ಹತ್ತು ಸೆಕೆಂಡು ಹಿಡಿದು ಇಳಿಸಿ. ಕುತ್ತಿಗೆಯನ್ನು ಎದೆಯ ಕಡೆ ಮಡಚಬೇಡಿ. ನೋಡುವವರಿಗೆ ನೀವು ಏನೂ ಮಾಡುತ್ತಿಲ್ಲ ಅನ್ನಿಸಬೇಕು. ನಿಮ್ಮ ಹೊಟ್ಟೆಗೆ ಮಾತ್ರ ನಿಜ ಗೊತ್ತಿರುತ್ತದೆ.

ಎರಡನೆಯದು, ನಾನು ಹದಿನೈದು ಸೆಕೆಂಡಿಗೆ ಬಿದ್ದ ಅದೇ ಮಗ್ಗುಲಿನ ಸೇತುವೆ. ಮಗ್ಗುಲಾಗಿ ಮಲಗಿ, ಮೊಣಕೈಯನ್ನು ಭುಜದ ನೇರಕ್ಕೆ ಊರಿ, ಸೊಂಟವನ್ನು ಮೇಲೆತ್ತಿ ಹಿಡಿಯಿರಿ. ಹೊಸಬರು ಮೊಣಕಾಲು ಮಡಚಿ, ಅದರ ಮೇಲೆ ಭಾರ ಹಾಕಲಿ. ರೂಢಿಯಾದ ಮೇಲೆ ಕಾಲು ಚಾಚಿ ಪಾದದ ಮೇಲೆ. ಎರಡೂ ಮಗ್ಗುಲಿಗೆ ಸಮನಾಗಿ ಮಾಡಬೇಕು.

ಮೂರನೆಯದಕ್ಕೆ ಬರ್ಡ್ ಡಾಗ್ ಎಂಬ ತಮಾಷೆಯ ಹೆಸರಿದೆ. ಅಂಬೆಗಾಲಿನ ಮಗುವಿನಂತೆ ಅಂಗೈ, ಮೊಣಕಾಲು ಊರಿ ನಿಲ್ಲಿ. ಹೊಟ್ಟೆ ಬಿಗಿದು ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚಿ, ಹತ್ತು ಸೆಕೆಂಡಿಗಿಂತ ಹೆಚ್ಚಿಲ್ಲದಂತೆ ಹಿಡಿಯಿರಿ. ಆಮೇಲೆ ಕೈಕಾಲು ಬದಲಿಸಿ. ಬೆನ್ನ ಮೇಲೆ ನೀರು ತುಂಬಿದ ಲೋಟ ಇಟ್ಟಿದ್ದಾರೆ ಎಂದುಕೊಳ್ಳಿ, ಒಂದು ಹನಿಯೂ ಚೆಲ್ಲಬಾರದು.

ಲೆಕ್ಕ ಹೀಗೆ: ಮೊದಲ ಸುತ್ತಿನಲ್ಲಿ ಆರು ಸಲ, ಎರಡನೇ ಸುತ್ತಿನಲ್ಲಿ ನಾಲ್ಕು, ಮೂರನೇ ಸುತ್ತಿನಲ್ಲಿ ಎರಡು. ದಣಿದಂತೆ ಎಣಿಕೆ ಇಳಿಯುತ್ತದೆ. ಕೊನೆಯ ಸುತ್ತಿನಲ್ಲೇ ಹಲ್ಲು ಕಚ್ಚಿ ಹೆಚ್ಚು ಮಾಡಬೇಕು ಎನ್ನುವ ನಮ್ಮ ಹಟಕ್ಕೆ ಇದು ಪೂರ್ತಿ ಉಲ್ಟಾ. ದಣಿದ ಸ್ನಾಯು ಹಿಡಿತ ಬಿಟ್ಟ ಕ್ಷಣದಲ್ಲೇ ಬೆನ್ನಿಗೆ ಪೆಟ್ಟು ಬೀಳುವುದು. ವಾರಗಳು ಕಳೆದು ಸಲೀಸಾದಾಗ ಹಿಡಿಯುವ ಹೊತ್ತನ್ನು ಎಳೆಯುವ ಬದಲು ಸಲಗಳನ್ನು ಒಂದೆರಡು ಹೆಚ್ಚಿಸಿ.

ಇದರ ಜೊತೆಗೆ ಪ್ಲ್ಯಾಂಕ್ ಮಾಡುವವರು ಮಾಡಬಹುದು. ಸೂರ್ಯನಮಸ್ಕಾರ ಮಾಡುವವರಿಗೆ ಅದು ಹೊಸದೂ ಅಲ್ಲ, ಎರಡೂ ಕಾಲು ಹಿಂದಕ್ಕೆ ಚಾಚಿ ದೇಹವನ್ನು ಕೋಲಿನಂತೆ ನಿಲ್ಲಿಸುವ ಆ ಭಂಗಿಯೇ ಪ್ಲ್ಯಾಂಕ್. ನಾವು ಅದನ್ನು ಮುಂದಿನ ಭಂಗಿಗೆ ಹೋಗುವ ಅವಸರದಲ್ಲಿ ದಾಟಿಬಿಡುತ್ತೇವೆ. ಅಲ್ಲೇ ನಾಲ್ಕು ಉಸಿರು ನಿಂತು ನೋಡಿ. ಆದರೆ ಸೊಂಟ ಜೋತುಬಿದ್ದ ಮೇಲೆ ಎಣಿಸುವ ಪ್ರತಿ ಸೆಕೆಂಡೂ ಬೆನ್ನಿನ ಖಾತೆಯಿಂದ ಹೋಗುವ ಸಾಲ. ಮೂರು ನಿಮಿಷ ಜೋತುಬೀಳುವುದಕ್ಕಿಂತ ಇಪ್ಪತ್ತು ಸೆಕೆಂಡು ನೆಟ್ಟಗಿರುವುದು ಮೇಲು.

ಇನ್ನು ವ್ಯಾಯಾಮದ ಹತ್ತು ನಿಮಿಷ ಬಿಟ್ಟು ಉಳಿದ ಹೊತ್ತೂ ಬೆನ್ನು ನಮ್ಮದೇ ಅಲ್ಲವೇ? ಬಕೆಟ್ ಎತ್ತುವಾಗ ಬೆನ್ನನ್ನು ಬಿಲ್ಲಿನಂತೆ ಬಾಗಿಸದೆ, ಕುಂಡಿ ಹಿಂದಕ್ಕೆ ಹಾಕಿ ತೊಡೆಯ ಸಂದಿನಿಂದ ಬಾಗಿ. ಓದಲು ಕೂತರೆ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ದಿನವೂ ಕೈಬೀಸಿ ಚುರುಕಾಗಿ ನಡೆಯಿರಿ. ಬೆನ್ನಿಗೆ ನಡಿಗೆಯಷ್ಟು ಒಳ್ಳೆಯ ಅಗ್ಗದ ಔಷಧ ಬೇರೆ ಇಲ್ಲ.

ಕೆಲವು ಪ್ರಶ್ನೆಗಳು

‘ಹಾಗಿದ್ದರೆ ಬೊಜ್ಜು ಕರಗುವುದು ಹೇಗೆ?’ ಎಂದು ನೀವು ಕೇಳಬಹುದು. ಸಿಟ್-ಅಪ್‌ನಿಂದಂತೂ ಅಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಯುವಕ ಯುವತಿಯರು ವಾರಕ್ಕೆ ಐದು ದಿನದಂತೆ ಆರು ವಾರ ಏಳು ಬಗೆಯ ಹೊಟ್ಟೆ ವ್ಯಾಯಾಮ ಮಾಡಿದರು. ಸ್ನಾಯುಗಳ ತಾಳಿಕೆ ಹೆಚ್ಚಿತು, ಹೊಟ್ಟೆಯ ಕೊಬ್ಬು ಕರಗಲಿಲ್ಲ. ಕೊಬ್ಬು ಇಡೀ ದೇಹದ ಲೆಕ್ಕ. ತಿನ್ನುವುದು, ಓಡಾಡುವುದು, ನಿದ್ದೆ ಇವುಗಳ ಮೊತ್ತದಿಂದ ಅದು ಕರಗುತ್ತದೆಯೇ ಹೊರತು, ತಿಕ್ಕಿದ ಜಾಗದಲ್ಲಿ ಅಳಿಸಿಹೋಗುವ ಪೆನ್ಸಿಲ್ ಗೆರೆಯಲ್ಲ ಅದು. ಸಿಕ್ಸ್ ಪ್ಯಾಕ್ ಎಲ್ಲರಲ್ಲೂ ಇದೆ, ಮೇಲಿನ ಹೊದಿಕೆ ತೆಳುವಾದವರಲ್ಲಿ ಕಾಣುತ್ತದೆ. ಕಾಣುವುದಕ್ಕೂ ಗಟ್ಟಿಯಿರುವುದಕ್ಕೂ ನೇರ ಸಂಬಂಧವಿಲ್ಲ. ಅಪ್ಪನ ಹೊಟ್ಟೆಯ ಮೇಲೆ ಒಂದು ಪ್ಯಾಕೂ ಕಾಣುವುದಿಲ್ಲ.

‘ನಮ್ಮ ದೋಸ್ತ್ ಹತ್ತು ವರ್ಷದಿಂದ ಸಿಟ್-ಅಪ್ ಹೊಡೀತಾನೆ, ಏನೂ ಆಗಿಲ್ಲ’ ಎನ್ನುವವರೂ ಇದ್ದಾರೆ. ಇರಬಹುದು. ಸಿಟ್-ಅಪ್ ವಿಷವಲ್ಲ. ಬೆನ್ನಿನ ರಚನೆ, ವಯಸ್ಸು, ಉಳಿದ ದಿನದ ಕೆಲಸ ಒಬ್ಬೊಬ್ಬರದು ಒಂದೊಂದು. ಕುಸ್ತಿಪಟುವಿಗೋ ಜಿಮ್ನಾಸ್ಟಿಗೋ ಬಾಗುವ ಶಕ್ತಿ ಬೇಕೇ ಬೇಕು. ಅವರು ಗುರುಗಳ ಕಣ್ಣೆದುರು ವರ್ಷಗಟ್ಟಲೆ ಅದನ್ನು ಕಟ್ಟಿಕೊಳ್ಳುತ್ತಾರೆ. ನನ್ನ ಫಿಸಿಯೊಥೆರಪಿಸ್ಟ್ ಕೂಡ ನನ್ನ ನೋವಿಗೆ ಸಿಟ್-ಅಪ್ ಒಂದೇ ಕಾರಣ ಎನ್ನಲಿಲ್ಲ. ದಿನಕ್ಕೆ ಹತ್ತು ಗಂಟೆ ಗೂನುಬೆನ್ನು ಮಾಡಿ ಓದಿದ್ದೂ ಸೇರಿದೆ ಎಂದರು. ನನ್ನ ವಾದ ಇಷ್ಟೇ: ಅಷ್ಟೇ ಲಾಭ ಕಡಿಮೆ ಅಪಾಯದಲ್ಲಿ ಸಿಗುವಾಗ ಹೆಚ್ಚಿನ ಅಪಾಯವನ್ನೇ ಏಕೆ ಆರಿಸಿಕೊಳ್ಳಬೇಕು?

ಹೆರಿಗೆಯಾದ ಅಕ್ಕತಂಗಿಯರಿಗೆ ಇನ್ನೊಂದು ಮಾತು. ಬಸಿರಿನಲ್ಲಿ ಹೊಟ್ಟೆಯ ಮುಂದಿನ ಸ್ನಾಯುಗಳು ಎಡಬಲಕ್ಕೆ ಸರಿದು ನಡುವೆ ಅಂತರ ಬಿಟ್ಟಿರುತ್ತವೆ. ‘ಹೊಟ್ಟೆ ಇಳಿಸು’ ಎಂದು ಮನೆಯವರು ಅವಸರ ಮಾಡಿದರೆಂದು ನೇರವಾಗಿ ಸಿಟ್-ಅಪ್‌ಗೆ ಇಳಿಯಬೇಡಿ. ವೈದ್ಯರನ್ನೋ ಫಿಸಿಯೊಥೆರಪಿಸ್ಟನ್ನೋ ಕೇಳಿ, ಉಸಿರಾಟ ಮತ್ತು ಹಗುರ ಬಿಗಿತದಿಂದ ಶುರು ಮಾಡಿ.

ಮತ್ತೆ, ನೋವು ಬಂದಾಗ? ನಾನು ಮಾಡಿದ ಇನ್ನೊಂದು ತಪ್ಪು ವಾರಗಟ್ಟಲೆ ಮಂಚ ಹಿಡಿದದ್ದು. ಹೆಲ್ಸಿಂಕಿ ನಗರದ ನೌಕರರ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೋವು ತಾಳುವಷ್ಟರ ಮಟ್ಟಿಗೆ ದಿನದ ಕೆಲಸ ಮಾಡಿಕೊಂಡಿದ್ದವರು ಹಾಸಿಗೆ ಹಿಡಿದವರಿಗಿಂತ ಬೇಗ ಚೇತರಿಸಿಕೊಂಡರು. ಹೆಚ್ಚಿನ ಸೊಂಟನೋವು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಕಾಲಿನಲ್ಲಿ ಶಕ್ತಿ ಕುಂದಿದರೆ, ತೊಡೆಯ ಸಂದು ಜೋಮು ಹಿಡಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ನೋವಿನ ಜೊತೆ ಜ್ವರ ಬಂದರೆ, ಬಿದ್ದ ಮೇಲೆ ನೋವು ಶುರುವಾದರೆ ಒಂದು ದಿನವೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಅದು ಎಣ್ಣೆ ತಿಕ್ಕಿಸಿಕೊಳ್ಳುವ ನೋವಲ್ಲ.

ಸೇನೆಯೇ ಬಿಟ್ಟಿತು, ನಾವೇಕೆ ಬಿಡಬಾರದು?

ಸಿಟ್-ಅಪ್ ಎಣಿಕೆಯ ಹುಚ್ಚನ್ನು ಜಗತ್ತಿಗೆ ಹಬ್ಬಿಸಿದ್ದರಲ್ಲಿ ಸೇನೆಗಳ ಪಾತ್ರ ದೊಡ್ಡದು. ಅಮೆರಿಕದ ಭೂಸೇನೆ ದಶಕಗಳ ಕಾಲ ಎರಡು ನಿಮಿಷದಲ್ಲಿ ಎಷ್ಟು ಸಿಟ್-ಅಪ್ ಎಂದು ಸೈನಿಕರನ್ನು ಅಳೆಯಿತು. 2022ರಲ್ಲಿ ಜಾರಿಗೆ ಬಂದ ಹೊಸ ಪರೀಕ್ಷೆಯಲ್ಲಿ ಅದು ಇರಲಿಲ್ಲ, ಆ ಜಾಗಕ್ಕೆ ಪ್ಲ್ಯಾಂಕ್ ಬಂತು. ಅಲ್ಲಿನ ನೌಕಾಪಡೆ 2021ರಲ್ಲಿಯೇ ಪ್ಲ್ಯಾಂಕಿಗೆ ಬದಲಾಯಿತು. ಮರೀನ್ ಪಡೆ 2023ರಿಂದ ಕ್ರಂಚ್ ಕೈಬಿಟ್ಟಿತು. ಪಾದ ಹಿಡಿದು ಮಾಡುವ ಆ ವ್ಯಾಯಾಮ ಕೆಳಬೆನ್ನಿಗೆ ಪೆಟ್ಟು ಮಾಡುತ್ತದೆ ಎನ್ನುವುದೂ ಅದಕ್ಕೆ ಒಂದು ಕಾರಣ. ಯುದ್ಧಕ್ಕೆ ಹೋಗುವವರಿಗೇ ಬೇಡವಾದದ್ದು ಹಾಸ್ಟೆಲ್ ಹುಡುಗರಿಗೆ ಏಕೆ ಬೇಕು?

ನಮ್ಮಲ್ಲೂ ಸ್ವಲ್ಪ ಬದಲಾವಣೆ ಇದೆ. ಖೇಲೋ ಇಂಡಿಯಾದ ಶಾಲಾ ಫಿಟ್‌ನೆಸ್ ಪರೀಕ್ಷೆಯಲ್ಲಿ ಪೂರ್ತಿ ಸಿಟ್-ಅಪ್ ಬದಲು ಅರ್ಧ ಏಳುವ ಪಾರ್ಶಿಯಲ್ ಕರ್ಲ್-ಅಪ್ ಇದೆ. ಅದು ಒಳ್ಳೆಯದೇ. ಆದರೆ ಅಲ್ಲೂ 30 ಸೆಕೆಂಡಿನಲ್ಲಿ ಎಷ್ಟು ಎಂದು ಎಣಿಸುತ್ತಾರೆ. ಎಣಿಕೆ ಬಂದ ಕೂಡಲೇ ವೇಗ ಬರುತ್ತದೆ, ವೇಗ ಬಂದ ಕೂಡಲೇ ಕ್ರಮ ಕೆಡುತ್ತದೆ. ಎಷ್ಟು ಸಲ ಎನ್ನುವ ಬದಲು ಎಷ್ಟು ಹೊತ್ತು ಅಲುಗಾಡದೆ ನಿಂತೆ ಎಂದು ದೈಹಿಕ ಶಿಕ್ಷಕರು ಕೇಳಲಿ. ಜಿಮ್ ಟ್ರೇನರ್‌ಗಳು ಮೊದಲ ದಿನವೇ ಸಿಟ್-ಅಪ್ ಬೆಂಚು ತೋರಿಸುವ ಮುನ್ನ, ಬಂದವನಿಗೆ ಬಗ್ಗಿ ಒಂದು ವಸ್ತು ಎತ್ತಲು ಬರುತ್ತದೆಯೇ ಎಂದು ನೋಡಲಿ. ಕೋಚಿಂಗ್ ಕೇಂದ್ರಗಳು ಓಟದ ಜೊತೆ ಹತ್ತು ನಿಮಿಷ ಇದಕ್ಕೂ ಕೊಡಲಿ. ಖರ್ಚು ಏನೂ ಇಲ್ಲ.

ಇದು ಸಣ್ಣ ವಿಷಯ ಎನ್ನಬೇಡಿ. 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನರಿಗೆ ಕೆಳಬೆನ್ನಿನ ನೋವು ಇತ್ತು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮನುಷ್ಯನನ್ನು ದುಡಿಮೆಯಿಂದ ದೂರ ಇಡುವ ಕಾರಣಗಳಲ್ಲಿ ಅದಕ್ಕೇ ಮೊದಲ ಸ್ಥಾನ. ಕಚೇರಿ ಕುರ್ಚಿಯ ಕೆಲಸ ಇರುವವರು ನೋವಿನಲ್ಲೂ ಹೇಗೋ ತಳ್ಳಬಹುದು. ಮೈ ನಂಬಿ ಬದುಕುವ ನಮ್ಮಂಥವರ ಮನೆಗಳಲ್ಲಿ ಬೆನ್ನು ಹೋದರೆ ಹೊಟ್ಟೆಯೂ ಹೋದಂತೆ. ಹೊಟ್ಟೆಪಾಡಿನ ದಾರಿ ಬೆನ್ನ ಮೇಲೆಯೇ ಹಾದುಹೋಗುತ್ತದೆ.

ಈಗ ರೂಮಿನಲ್ಲಿ ಹೊಸ ಹುಡುಗರು ಬಂದಿದ್ದಾರೆ. ಬೆಳಗ್ಗೆ ಎದ್ದು ಮೊದಲು ಮೈದಾನಕ್ಕೆ ಹೋಗಿ ನಡೆಯುತ್ತೇವೆ, ಓಡುತ್ತೇವೆ. ಬಂದ ಮೇಲೆ ಚಾಪೆ ಹಾಸುತ್ತೇವೆ. ಮಗ್ಗುಲಿನ ಸೇತುವೆಯಲ್ಲಿ ನಾನೀಗ ಒಂದು ನಿಮಿಷ ನಿಲ್ಲಬಲ್ಲೆ. ಕಳೆದ ತಿಂಗಳು ಹೊಸಬನೊಬ್ಬ ‘ಅಣ್ಣಾ, ಸಿಟ್-ಅಪ್ ಪಂದ್ಯ ಕಟ್ಟೋಣೇನು?’ ಎಂದ. ‘ಪಂದ್ಯ ಬ್ಯಾಡ, ಮೊದಲ ಟೊಂಕ ಕಟ್ಟು’ ಎಂದೆ. ಹೇಳಿದ ಮೇಲೆ ನನಗೇ ನಗು ಬಂತು. ಅದು ಅಪ್ಪನ ಧ್ವನಿಯಂತೆಯೇ ಇತ್ತು.